ಪ್ಲೇಟಿನ ಇನ್ನೊಂದು ಮಗ್ಗುಲು

ಅಹುದಿಯಾ ಜಂಬದ ಹೆಂಗಸು. ನಮ್ಮ ನಾಡಿನ ಅಂತರ್ಯುದ್ಧ ಮುಗಿದ ವರ್ಷ, ನಾನು ಪಾಠ ಹೇಳುತ್ತಿದ್ದ ಮೂರನೇ ತರಗತಿಯಲ್ಲಿ ಕೂತಿದ್ದಾಗಲೂ ಹಾಗೇ ಇದ್ದಳು, ಓವೆರಿ ಪಟ್ಟಣದ ಅರ್ಧ ಶಾಲೆಗಳಿಗೆ ಸಮವಸ್ತ್ರ ಹೊಲಿಯುವ ದರ್ಜಿಯಾದ ಮೇಲೂ ಹಾಗೇ ಇದ್ದಳು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ತನ್ನನ್ನು ತಾನು ಹೊಗಳಿಕೊಳ್ಳುವುದು ಅವಳಿಗೆ ಸಲೀಸು.

ಅವಳ ಜಂಬಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಪ್ಪನದು. ಯುದ್ಧಕ್ಕೆ ಮುಂಚೆ ನಮ್ಮ ಕಡೆ ಹೈಲೈಫ್ ಎಂಬ ಕುಣಿತದ ಸಂಗೀತ ನುಡಿಸುವ, ಹೆಸರಾದ ಒಂದು ಬ್ಯಾಂಡ್ ಇತ್ತು. ಗಿಟಾರು, ಕಹಳೆ, ಡೋಲು, ಇವುಗಳ ನಡುವೆ ಚಮಚದಿಂದ ಖಾಲಿ ಬಾಟಲಿ ಬಡಿದು ತಾಳ ಹಿಡಿಯುವ ಒಬ್ಬ. ಆ ಒಬ್ಬ ತನ್ನ ಅಪ್ಪ ಅನೋಸಿಕೆ ಎಂದೂ, ಆ ಬ್ಯಾಂಡಿನ ದೋಣಿಯವನ ಹಾಡಿನ ಗ್ರಾಮಫೋನ್ ಪ್ಲೇಟಿನಲ್ಲಿ ಹಾಡುಗಾರ ಅವನನ್ನು ಹೆಸರು ಹಿಡಿದು ಕರೆಯುತ್ತಾನೆಂದೂ ಅವಳು ಹೇಳುತ್ತಿದ್ದಳು. ಅನೋಸಿಕೆ ಯುದ್ಧದಿಂದ ಮರಳಲಿಲ್ಲ. ಮನೆ ಸುಟ್ಟುಹೋಯಿತು, ಪ್ಲೇಟೂ ಅದರೊಳಗೇ ಹೋಯಿತು. ಒಂದು ಫೋಟೋ ಕೂಡ ಉಳಿಯಲಿಲ್ಲ.

ಹಾಡು ಮಾತ್ರ ಉಳಿಯಿತು. ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂರುವ ಹೊತ್ತಿಗೆ ರೇಡಿಯೊದಲ್ಲಿ ಅದನ್ನು ಹಾಕುತ್ತಿದ್ದರು. ದೋಣಿಯವನು ಕೊನೆಯ ಪ್ರಯಾಣಿಕನಿಗಾಗಿ ಕಾಯುತ್ತಾನೆ, ಗಿಟಾರು ಸಣ್ಣಗಾಗುತ್ತದೆ, ಹಾಡು ಮುಗಿಯುತ್ತದೆ. ಇಡೀ ಊರು ನೂರು ಸಲ ಕೇಳಿದ ಆ ಹಾಡಿನಲ್ಲಿ ಅನೋಸಿಕೆಯ ಹೆಸರಿರಲಿಲ್ಲ. ಹುಡುಗಿಯ ಪ್ರಗತಿಪತ್ರದಲ್ಲಿ 'ಸುಳ್ಳು ಹೇಳುವ ಚಾಳಿ ಇದೆ' ಎಂದು ಬರೆದವಳು ನಾನೇ.

ಅವಳ ಚಿಕ್ಕಮ್ಮ ನ್ವಾನ್ಯೆಕೆ ನನಗಿಂತ ಖಾರ. ನ್ವಾನ್ಯೆಕೆಯ ಗಂಡ ಒಕ್ವುದಿಲಿ ಅನೋಸಿಕೆಯ ತಮ್ಮ. ಅಣ್ಣತಮ್ಮ ಇಬ್ಬರೂ ಬ್ಯಾಂಡಿನ ಲಾರಿ ಹತ್ತಿ ಊರೂರು ತಿರುಗಿದವರು. ಒಕ್ವುದಿಲಿ ಯುದ್ಧದಿಂದ ಮರಳಿ ಬಂದರೂ ಹೆಚ್ಚು ದಿನ ಬಾಳಲಿಲ್ಲ.

"ನನ್ನ ಗಂಡನೂ ಬ್ಯಾಂಡಿನ ವಾದ್ಯದ ಪೆಟ್ಟಿಗೆ ಹೊತ್ತ, ನಿಮ್ಮಪ್ಪನೂ ಪೆಟ್ಟಿಗೆ ಹೊತ್ತ," ಎನ್ನುತ್ತಿದ್ದಳು ನ್ವಾನ್ಯೆಕೆ. "ನಾನೇನು ಬೀದಿಲಿ ಸಾರ್ಕೊಂಡು ತಿರುಗ್ತೀನಾ?"

"ಚಿಕ್ಕಪ್ಪ ಹೊತ್ತಿದ್ದು ನಿಜ ಚಿಕ್ಕಮ್ಮ. ಪೆಟ್ಟಿಗೆ ಒಳಗಿದ್ದ ಬಾಟ್ಲಿ ನಮ್ಮಪ್ಪಂದು!"

ಅಹುದಿಯಾಳ ತಾಯಿ ತೀರಿಕೊಂಡಾಗ ಈ ಜಗಳ ಅಂಗಳಕ್ಕೆ ಬಂತು. ನಮ್ಮಲ್ಲಿ ಸತ್ತವರ ಜೀವನವನ್ನು ಅಚ್ಚು ಹಾಕಿಸಿ ಬಂದವರಿಗೆಲ್ಲ ಹಂಚುತ್ತಾರೆ. ಆ ಹಾಳೆಯಲ್ಲಿ ಇಲ್ಲದ್ದು ನಡೆದೇ ಇಲ್ಲ. 'ಬಾಟಲಿ ವಾದಕ ಅನೋಸಿಕೆಯ ಹೆಂಡತಿ' ಎಂದು ಅಹುದಿಯಾ ಬರೆಸಿದಳು. ಕುಲದ ಹಿರಿಯ ಒನ್ಯೆಮಾ ಅದನ್ನು ಹೊಡೆದುಹಾಕಿದ.

"ಸತ್ತವಳ ಹೆಸರಲ್ಲಿ ಸುಳ್ಳು ಅಚ್ಚು ಹಾಕ್ಸೋಕಾಗಲ್ಲ ಮಗಳೇ. ಮುಂದಿನ ಸಂತೆ ದಿನ ಹಾಳೆ ಪ್ರೆಸ್ಸಿಗೆ ಹೋಗುತ್ತೆ. ಅಷ್ಟರೊಳಗೆ ಸಾಕ್ಷಿ ತಗೊಂಬಾ. ಇಲ್ಲಾಂದ್ರೆ ಸುಮ್ನಿರು."

ನಮ್ಮ ಸಂತೆ ನಾಲ್ಕು ದಿನಕ್ಕೊಮ್ಮೆ. ಮೂರನೇ ದಿನ ಅಹುದಿಯಾ ಮಣ್ಣಿನ ದಿನ ಉಡಲು ಮನೆಯವರಿಗೆಲ್ಲ ಒಂದೇ ಬಗೆಯ ಬಟ್ಟೆ ತರಲು ಆಬಾ ಪೇಟೆಗೆ ಹೋದಳು. ಅಲ್ಲಿ ಇಹೆಜಿರಿಕಾ ಎಂಬ ಮುದಿ ಕ್ಷೌರಿಕನ ಅಂಗಡಿಯಿಂದ ಅದೇ ಹಾಡು ಕೇಳಿಸಿತು. ರೇಡಿಯೊ ಅಲ್ಲ, ಗ್ರಾಮಫೋನು. ಅವಳು ಬಟ್ಟೆಯ ಗಂಟನ್ನು ಬೀದಿಯಲ್ಲೇ ಬಿಟ್ಟು ಒಳನುಗ್ಗಿದಳು. ಮುಂದಿನದನ್ನು ಮುದುಕನೇ ನನಗೆ ಹೇಳಿದ್ದಾನೆ.

"ಮುಗೀತಾ? ಇಷ್ಟೇನಾ?"

"ಇನ್ನೊಂದು ಮಗ್ಗುಲಿದೆ. ಉದ್ದದ ಹಾಡು ಒಂದೇ ಕಡೆ ಹಿಡಿಸ್ತಿರಲಿಲ್ಲ ಆಗ, ಎರಡು ತುಂಡು ಮಾಡೋರು. ಆ ಕಡೆ ಬರೀ ಹೆಸರು ಕೂಗೋದು. ಅದನ್ನ ಕೇಳ್ಕೊಂಡು ಯಾರು ಕುಣೀತಾರೆ? ರೇಡಿಯೊದೋರೂ ಹಾಕಲ್ಲ."

"ನಾನು ಕುಣೀತೀನಿ. ತಿರುಗಿಸಿ."

ಅವನು ತಿರುಗಿಸಿದ. ಅವಳು ಕುಣಿದಳು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಹೆದರಿ ಎದ್ದು ನಿಂತನಂತೆ.

ಪ್ಲೇಟನ್ನು ಒಂದು ದಿನದ ಮಟ್ಟಿಗೆ ಕೇಳಿದ್ದಕ್ಕೆ ಮುದುಕ, "ಇರೋ ಮೂರು ಹಲ್ಲು ಬೇಕಾದ್ರೆ ಕಿತ್ತುಕೊಡ್ತೀನಿ, ಪ್ಲೇಟು ಕೊಡಲ್ಲ," ಎಂದ. ಹಾಗಾಗಿ ಅವಳು ಹಲ್ಲು, ಪ್ಲೇಟು, ಗ್ರಾಮಫೋನು ಸಮೇತ ಮುದುಕನನ್ನೇ ವ್ಯಾನು ಹತ್ತಿಸಿಕೊಂಡು ಬಂದಳು.

ಸಂತೆಯ ದಿನ ಬೆಳಿಗ್ಗೆ ಒನ್ಯೆಮಾನ ಜಗುಲಿಯಲ್ಲಿ ನಮ್ಮ ಪದ್ಧತಿಯಂತೆ ಕೋಲಾ ಕಾಯಿ ಮುರಿದು ಹಂಚಿದ ಮೇಲೆ ಪ್ಲೇಟು ತಿರುಗಿತು. ಮೊದಲು ದೋಣಿಯವನು ಕಾದ. ಇಹೆಜಿರಿಕಾ ಪ್ಲೇಟನ್ನು ಅಂಗಿಯ ತುದಿಯಿಂದ ಒರೆಸಿ ಮಗುಚಿದ. ಹಾಡುಗಾರ ಗಿಟಾರಿನವನ ಹೆಸರು ಕರೆದ, ಕಹಳೆಯವನದು ಕರೆದ, ಆಮೇಲೆ ಎಲ್ಲ ವಾದ್ಯಗಳೂ ತಟ್ಟನೆ ನಿಂತವು.

"ಅನೋಸಿಕೆ! ನಿನ್ನ ಬಾಟಲಿ ಮಾತಾಡಲಿ!"

ಬಾಟಲಿ ಮಾತಾಡಿತು. ಎಷ್ಟು ಹೊತ್ತೋ ನಾನು ನೋಡಿಕೊಳ್ಳಲಿಲ್ಲ. ಒನ್ಯೆಮಾನ ಊರುಗೋಲು ತಾನಾಗಿ ನೆಲ ಕುಟ್ಟತೊಡಗಿತು. ಮೂವತ್ತಾರು ವರ್ಷ ಹಿಂದೆ ಕಾಣೆಯಾದವನು ಜಗುಲಿಯ ಮೇಲೆ ಎಲ್ಲರನ್ನೂ ಕುಣಿಸುತ್ತಿದ್ದ. ಹೆಂಗಸರು ಗುಡುಗಿನಂತೆ ಜಯಕಾರ ಹಾಕಿದರು. ಅಹುದಿಯಾ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಟೀಚರ್, ನನ್ನ ಪ್ರಗತಿಪತ್ರ ಇನ್ನೂ ಜೋಪಾನವಾಗಿದೆ. ಕೆಂಪು ಪೆನ್ನು ತಂದಿದ್ದೀರಾ?"

ತಂದಿರಲಿಲ್ಲ. ಮರುದಿನ ಒಯ್ದು, ಬರೆದದ್ದನ್ನು ಹೊಡೆದುಹಾಕಿ ಸಹಿ ಮಾಡಿದೆ. ತಪ್ಪು ನನ್ನದು, ತಿದ್ದಬೇಕಾದವಳೂ ನಾನು.

ಒಂದು ವಿಷಯ ಹೇಳಬೇಕು. ಆ ಪ್ಲೇಟಿನಲ್ಲಿ ಕೊನೆಗೆ ಲಾರಿ ಓಡಿಸುವವನ ಹೆಸರೂ ಬಂತು. ಪೆಟ್ಟಿಗೆ ಹೊತ್ತ ಒಕ್ವುದಿಲಿಯದು ಬರಲಿಲ್ಲ. ಪ್ಲೇಟು ನಿಲ್ಲುವವರೆಗೂ ಕಿವಿಗೊಟ್ಟು ಕೂತಿದ್ದ ನ್ವಾನ್ಯೆಕೆ, ಆಮೇಲೆ ಎದ್ದು ಮನೆಗೆ ಹೋದಳು.

ಹಾಳೆ ಅಚ್ಚಾಯಿತು. 'ಬಾಟಲಿ ವಾದಕ' ಎಂಬ ಮಾತನ್ನು ಒನ್ಯೆಮಾ ತಾನೇ ದಪ್ಪ ಅಕ್ಷರದಲ್ಲಿ ಹಾಕಿಸಿದ. ತಾಯಿಯನ್ನು ಮಣ್ಣು ಮಾಡಿದ ದಿನ ಮಧ್ಯಾಹ್ನ ಓವೆರಿಯ ಬ್ಯಾಂಡಿನವರು ದೋಣಿಯವನ ಹಾಡನ್ನು ಎರಡೂ ಮಗ್ಗುಲು ಸೇರಿಸಿ ನುಡಿಸಿದರು. ಬಾಟಲಿ ಬಡಿದವಳು ಅಹುದಿಯಾ. ಚೆನ್ನಾಗಿಯೇ ಬಡಿದಳು.

ಹೆಸರು ಕರೆಯುವ ಸಮಯ ಬಂತು. ಮನೆಯವರು ಯಾರ ಹೆಸರು ಹೇಳುತ್ತಾರೋ ಅವರನ್ನು ಹಾಡಿ ಹೊಗಳುವುದು ಪದ್ಧತಿ. ಹಾಡುಗಾರ ಮೈಕು ಹಿಡಿದು ಅಹುದಿಯಾಳ ಬಳಿ ಬಾಗಿದ. ನನ್ನ ಪಕ್ಕದಲ್ಲಿ ಒನ್ಯೆಮಾ, "ಅರ್ಧ ಗಂಟೆ ಇವಳದೇ ಪುರಾಣ. ಹೆಂಡ ಬಗ್ಗಿಸಿಕೊಳ್ಳಿ," ಎಂದ. ನಾನು ಲೋಟ ಮುಂದೆ ಹಿಡಿದೆ.

"ಒಕ್ವುದಿಲಿ," ಎಂದಳು ಅಹುದಿಯಾ. "ಪೆಟ್ಟಿಗೆ ಹೊತ್ತವನು ಅಂತಾನೇ ಹಾಡಿ. ಚಿಕ್ಕಪ್ಪ ಹೊತ್ತು ತಂದಿದ್ದಕ್ಕೇ ಅಪ್ಪನ ಬಾಟ್ಲಿ ಒಡೀಲಿಲ್ಲ."

ಹಾಡುಗಾರ ಆ ಹೆಸರನ್ನು ಎತ್ತಿಕೊಂಡು ಹಾಡತೊಡಗಿದ. ಅವಳು ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪರದ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದ ನ್ವಾನ್ಯೆಕೆಯ ಬಳಿ ಹೋಗಿ, ಚಮಚವನ್ನು ಅವಳ ಕೈಗೆ ಕೊಟ್ಟಳು.