ಹಸಿರು ತುಪ್ಪ

ಮಿಯಾಪುರದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಆ ವಾಸನೆ ಇನ್ನೂ ಇದೆ ಎಂದೇ ನನ್ನ ಮೂಗು ಹಟ ಹಿಡಿದಿದೆ. ಸುಟ್ಟ ಹುಲ್ಲು, ಅದರ ಮೇಲೆ ಬೆವರಿನ ಬನಿಯನ್.

ನಾವು ಕಲಬುರಗಿಗೆ ಹೋಗಿದ್ದ ವಾರ ಮನೆಯಲ್ಲಿದ್ದವನು ಮೈದುನ ಒಬ್ಬನೇ, ಮಾದಾಪುರದಲ್ಲಿ ಇಂಜಿನಿಯರ್. ಮರಳಿದಾಗ ಅಡುಗೆಮನೆ ಏನೋ ಸುಟ್ಟ ಹಾಗೆ ನಾರುತ್ತಿತ್ತು; ಮರುದಿನ ಅತ್ತೆ ಹೋಳಿಗೆ ಮಾಡಿದರು. ಫ್ರಿಜ್ಜಿನ ಮೂಲೆಯಲ್ಲಿ ಸಿಕ್ಕ ತುಪ್ಪ ಹಸಿರಾಗಿತ್ತು. ಬೆಣ್ಣೆ ಕಾಸುವಾಗ ಕೊನೆಗೆ ಒಂದು ವೀಳ್ಯದೆಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಅದರಲ್ಲಿ ನನ್ನ ಕೈ ಜೋರು ಎಂಬುದು ಅತ್ತೆಯ ಹಳೆಯ ದೂರು.

“ಎಲಿ ತ್ವಾಟಾನ ಹಾಕೀಯೇನವಾ ತುಪ್ಪದಾಗ?” ಎಂದು ಕೂಗಿ, ಹೋಳಿಗೆಯ ಮೇಲೆ ಧಾರಾಳವಾಗಿ ಸುರಿದುಕೊಂಡರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು ಅಲ್ಲಿಂದಲೇ ನಕ್ಕೆ.

ತಾಸೊಂದು ಕಳೆಯುವುದರಲ್ಲಿ ಅವರ ಬಾಯಿ ಒಣಗಿ, ಎದೆ ಡವಗುಟ್ಟತೊಡಗಿತು. “ನೆಲಾ ತಿರಗಾಕತ್ತೈತಿ, ನನ್ನ ಕೈ ಬಿಡಬ್ಯಾಡವಾ,” ಎಂದು ಉಗುರು ನೆಡುವಂತೆ ಹಿಡಿದುಕೊಂಡರು. ಕೈತಪ್ಪಿ ಹೋಗುತ್ತಾರೆ ಎಂದೇ ಹೆದರಿದೆ. ಮೈದುನನಿಗೆ ಫೋನ್ ಮಾಡಿ ಆಸ್ಪತ್ರೆಗೆ ಬರಹೇಳಿ, ಅವರನ್ನು ಆಟೋದಲ್ಲಿ ಒಯ್ದೆ. ಏನು ತಿಂದರು ಎಂದು ಡಾಕ್ಟರು ಕೇಳಿದಾಗ ಹೋಳಿಗೆ, ಹಸಿರು ತುಪ್ಪ ಎಂದೆ. ಮೈದುನನ ಮುಖ ಬಿಳಿಚಿತು. ನನ್ನನ್ನು ಹೊರಗೆ ಕರೆದ.

“ವೈನಿ, ಆ ತುಪ್ಪ ನಂದ್ರಿ. ಗಾಂಜಾ ಹಾಕಿದ್ದೆ.”

ಅಷ್ಟಕ್ಕೇ ನಿಲ್ಲಿಸಲಿಲ್ಲ. “ಹಸೀದು ತಿಂದ್ರ ಅಷ್ಟ ಏನೂ ಆಗಂಗಿಲ್ರಿ. ಅದರಾಗ ಒಂದು ಆ್ಯಸಿಡ್ ಇರ್ತೈತಿ. ಕಾವು ತಾಗಿದ್ರ ಅದರಾಗಿನ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿ, ನಶಾ ಏರೋ ವಸ್ತು ಆಗ್ತೈತಿ. ಅದಕ್ಕ ಮೊದಲ ನಿಮ್ಮ ಓವನ್ನಿನ್ಯಾಗ…”

ಹೆತ್ತವಳು ಒಳಗೆ ಒದ್ದಾಡುತ್ತಿದ್ದರೆ ಇವನಿಗೆ ಕೆಮಿಸ್ಟ್ರಿ! ಅದೂ ನಾನು ನಾನ್‌ಖಟಾಯಿ ಸುಡುವ ಓವನ್ನು. ಥೂ, ಹೇಸಿಗೆಯಾಯಿತು. ತೋಳು ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಬಾಯಿ ಬಿಡಿಸಿದೆ. ಮರುದಿನದ ಹೊತ್ತಿಗೆ ಅತ್ತೆ ಸರಿಹೋದರು.

“ಅವ್ವಗ ಹೇಳಬ್ಯಾಡ್ರಿ,” ಎಂದು ಅವನು ಗೋಗರೆದ. ಒಪ್ಪಿಕೊಂಡೆ. ನನ್ನ ತುಪ್ಪ ಕೆಟ್ಟಿತ್ತು ಎಂದು ಅತ್ತೆ ತಾವೇ ತೀರ್ಮಾನಿಸಿ, ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಸಾರಿದರು. ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ ಆ ಮಹಾಶಯ ತುಟಿ ಬಿಚ್ಚಲಿಲ್ಲ. ಗಾಂಜಾದ ವಾಸನೆಗಿಂತ ಆ ಮೌನವೇ ಹೆಚ್ಚು ನಾರಿತು ನನಗೆ.

ಮುಂದಿನ ರವಿವಾರ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡದೆ ತಾವೇ ತುಪ್ಪ ಕಾಸಿದರು. ಊಟಕ್ಕೆ ಕುಳಿತ ಮೈದುನ ಬಾಯಿ ಚಪ್ಪರಿಸಿ, “ತುಪ್ಪ ಅಂದ್ರ ಇದು ನೋಡ್ರಿ ವೈನಿ,” ಎಂದ.

“ಅತ್ತಿ,” ಎಂದೆ ನಾನು, “ಆ ಹಸರ ತುಪ್ಪ ನಾ ಕಾಸಿದ್ದಲ್ರಿ. ಅದರಾಗ ಏನಿತ್ತು, ಇವನ್ನ ಕೇಳ್ರಿ.”

ಅವನಿಗೆ ಇನ್ನಷ್ಟು ತುಪ್ಪ ಬಡಿಸಲು ಅತ್ತೆ ಎತ್ತಿದ್ದ ಚಮಚ ಅಲ್ಲೇ ನಿಂತಿತು. ಅತ್ತೆ ಮಗನ ಮುಖವನ್ನು ನೋಡಿದರು. ಆಮೇಲೆ ಆ ತುಪ್ಪವನ್ನು ನನ್ನ ಅನ್ನದ ಮೇಲೆ ಹಾಕಿದರು.