ಹೂಳಲ್ಲ, ಗೋಡು

ಮೈಕಿನ ವೈರನ್ನು ಟೇಪು ಹಾಕಿ ನೆಲಕ್ಕೆ ಅಂಟಿಸುತ್ತಿದ್ದೆ. ಯಾರೋ ಹೆಗಲು ಮುಟ್ಟಿ, ನೀವೇ ಬನ್ನಿ ಎಂದು ಕರೆದೊಯ್ದು ಎಲ್ಲರ ಮುಂದೆ ಒಂದು ಕುರ್ಚಿಯಲ್ಲಿ ಕೂರಿಸಿದರು. ಟೇಪಿನ ಸುರುಳಿ ಕೈಯಲ್ಲೇ ಇತ್ತು.

ಶಿಕಾರಿಪುರದ ಒಂದು ಕಾಲೇಜಿನಲ್ಲಿ ಲೆಕ್ಚರರುಗಳಿಗೆ ಎರಡು ದಿನದ ಕಾರ್ಯಾಗಾರ. ಲೇಖನ ಬರೆದು ಅಚ್ಚಾಗಿಸುವುದು ಹೇಗೆ, ಪಾಠ ಮಾಡುವುದು ಹೇಗೆ ಎಂದು ಪಾಠ ಮಾಡುವವರಿಗೇ ಪಾಠ. ಮೈಕ್ ಸೆಟ್ ನನ್ನದು. ಹೊರಗಿನಿಂದ ಬಂದಿದ್ದ ಪ್ರೊಫೆಸರು ಒಂದು ಪರೀಕ್ಷೆ ಇಟ್ಟಿದ್ದರು. ನಿಮ್ಮ ಲೇಖನವನ್ನು ಕಡಿಮೆ ಓದಿದ ಒಬ್ಬರಿಗೆ ಐದು ನಿಮಿಷದಲ್ಲಿ ಹೇಳಿ, ಅರ್ಥವಾದರೆ ಪಾಸು ಎಂದರು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆ ಹಾಲಿನಲ್ಲಿ ನನಗಿಂತ ಕಡಿಮೆ ಓದಿದವರು ಇರಲಿಲ್ಲ.

ಚೀಟಿ ಎತ್ತಿದಾಗ ಬಂದದ್ದು ನಮ್ಮ ಟೀಚರ ಹೆಸರು.

ಅವರ ಊರು ಜಡೆ. ಮೊದಲು ಈಸೂರಿನ ಹತ್ತಿರ ನಮ್ಮ ಹಳ್ಳಿಯ ಸ್ಕೂಲಿನಲ್ಲಿದ್ದರು, ಆಮೇಲೆ ಸೊರಬದಲ್ಲಿ ಲೆಕ್ಚರರಾದರು. ಸ್ಕೂಲಿನಲ್ಲಿ ಅವರು ಅರ್ಥ ಆಯ್ತಾ ಎಂದರೆ ಇಡೀ ಕ್ಲಾಸು ರಾಗವಾಗಿ ಹ್ಞೂಂ ಎನ್ನುತ್ತಿತ್ತು. ಹ್ಞೂಂ ಅಂದವರು ಎದ್ದು ನಿಂತು ಹೇಳಬೇಕಿತ್ತು. ಎದ್ದು ನಿಲ್ಲಲು ಸೋಮಾರಿತನವಾಗಿ ನಾನೊಬ್ಬ ಇಲ್ಲ ಎನ್ನುತ್ತಿದ್ದೆ. ಅವರು ಬೈಯದೆ ನಮ್ಮನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ, ಕೆಸರಿನಲ್ಲಿ ಕಡ್ಡಿಯಿಂದ ನದಿ ಬರೆದು ತೋರಿಸುತ್ತಿದ್ದರು. ಸ್ಕೂಲಿನಲ್ಲಿ ಕಲಿತದ್ದರಲ್ಲಿ ನನಗೆ ನೆನಪಿರುವುದು ಅದೊಂದೇ.

ಬೆಳಿಗ್ಗೆ ಟೀ ಕುಡಿಯುವಾಗ ಟೀಚರು ನನಗೆ ಎಲ್ಲ ಹೇಳಿದ್ದರು. ಎರಡು ಲೇಖನ ವಾಪಸು ಬಂದಿವೆ. ಇದು ಮೂರನೆಯದು, ಸಂಜೆಯೇ ಕಳಿಸಬೇಕು. ಇದೂ ಅಚ್ಚಾಗದಿದ್ದರೆ ಬಡ್ತಿ ಇಲ್ಲ.

ಅವರು ಓದಿದರು. ಕೆರೆಗಳಲ್ಲಿ ಹೂಳಿನ ಸಂಚಯನ, ಧಾರಣ ಸಾಮರ್ಥ್ಯ, ಸಮುದಾಯದ ನಿರ್ಲಿಪ್ತತೆ. ಮುಗಿಸಿ ನನ್ನ ಕಡೆ ನೋಡಿದರು.

"ಅರ್ಥ ಆಯ್ತಾ?"

ಒಂದು ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಟೀಚರ್."

ಹಾಲಿನಲ್ಲಿ ನಗು. ಹಿಂದಿನಿಂದ ಒಬ್ಬರು, ಮೈಕ್ ಸರಿ ಐತಿ, ಮೈಕಿನವನ ಕಿವೀನೇ ಕೆಟ್ಟತಿ ಎಂದರು. ಟೀಚರು ನಗಲಿಲ್ಲ. ಹಾಳೆ ಕೆಳಗಿಟ್ಟು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡರು. ಇದಕ್ಕೆ ಅರ್ಧ ಮಣ್ಣು ತುಂಬಿದರೆ ನೀರು ಎಷ್ಟು ಹಿಡಿಯುತ್ತೆ ಎಂದು ಕೇಳಿದರು. ಅರ್ಧ ಎಂದೆ. ನಿಮ್ಮೂರಿನ ಕೆರೆ ಈಗ ಈ ಲೋಟ ಎಂದರು. ಊರೂರು ತಿರುಗಿ, ನೀವು ಹೂಳು ತೆಗೆಯುತ್ತೀರಾ ಎಂದು ರೈತರನ್ನು ಕೇಳಿದ್ದರಂತೆ. ಎಲ್ಲರೂ ಇಲ್ಲ ಎಂದರಂತೆ. ಕೆರೆ ಬಗ್ಗೆ ಜನರಿಗೆ ಚಿಂತೆಯಿಲ್ಲ, ಇಷ್ಟೇ ಲೇಖನ.

"ಈಗ ಅರ್ಥ ಆತು ಟೀಚರ್. ಆದ್ರೆ ಅದು ಸುಳ್ಳು."

ಹೇಳಿಬಿಟ್ಟಿದ್ದೆ, ಮುಂದೆ ಹೇಳಲೇಬೇಕಿತ್ತು.

"ಹೂಳು ತೆಗೆಯೋದು ಗೌರ್ಮೆಂಟ್ ಕೆಲ್ಸ. ಜೆಸಿಬಿ ಬರ್ತತಿ, ಬೋರ್ಡ್ ಹಾಕ್ತಾರೆ. ನಾವು ಹೊಡಿಯೋದು ಗೋಡು. ಬ್ಯಾಸಿಗೀಲಿ ಕೆರೆ ಒಣಗಿದ್ರೆ ಟ್ರ್ಯಾಕ್ಟರ್ ಹಚ್ಚಿ ಆ ಮಣ್ಣು ಹೊಲಕ್ಕೆ ಹೊಡಿತೀವಿ. ಗೋಡು ಹೊಡಿತೀರಾ ಅಂತ ಕೇಳ್ಬೇಕಿತ್ತು ನೀವು."

ಮಣ್ಣು ಅದೇ. ಕೆರೆಯಲ್ಲಿ ಬಿದ್ದಿದ್ದರೆ ಹೂಳು, ಹೊಲಕ್ಕೆ ಹೋದರೆ ಗೋಡು. ಅವರು ಕೇಳಿದ್ದಕ್ಕೆ ನಮ್ಮ ಕಡೆಯವರು ಸರಿಯಾಗಿಯೇ ಉತ್ತರ ಹೇಳಿದ್ದರು. ಗೋಡು ಎಂಬ ಮಾತೇ ಟೀಚರಿಗೆ ಗೊತ್ತಿರಲಿಲ್ಲ.

ಅವರು ಹಾಳೆಗಳನ್ನು ನೋಡುತ್ತ ನಿಂತರು. ಬಾಯಿ ಮುಚ್ಚಿಕೊಂಡು ಇರಬಹುದಿತ್ತು ಎಂದು ನನಗೆ ಆಗ ಅನ್ನಿಸಿತು. ಆಮೇಲೆ ಟೀಚರು ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿದರು.

"ಎಂಟನೇ ಕ್ಲಾಸಲ್ಲೂ ನೀನು ಹೀಗೇ ಇದ್ದೆ ಮಾರಾಯ."

ಲೇಖನವನ್ನು ಆ ಸಂಜೆ ಕಳಿಸಲಿಲ್ಲ. ನಾನು ವೈರು ಸುತ್ತುವಾಗ ಬಂದು, ಭಾನುವಾರ ಬಿಡುವಿದೆಯಾ ಎಂದರು. ನಾಲ್ಕು ಭಾನುವಾರ ನನ್ನ ಬೈಕಿನಲ್ಲಿ ಅದೇ ಊರುಗಳಿಗೆ ಹೋದೆವು. ಈ ಸಲ ಟೀಚರು ಗೋಡು ಹೊಡೀತೀರಾ ಎಂದು ಕೇಳಿದರು. ಮನೆಮನೆಯಲ್ಲೂ ಹೌದು. ಎಷ್ಟು ಟ್ರೇಲರು, ಯಾರ ಹೊಲಕ್ಕೆ, ಯಾವ ಬೆಳೆಗೆ, ಎಲ್ಲ ಹೇಳಿದರು. ಒಬ್ಬ ಅಜ್ಜ, ಹೋದ ಸಲ ಬಂದಾಗ ಇದನ್ನ ಯಾಕೆ ಕೇಳಲಿಲ್ಲ ತಾಯಿ ಎಂದು ಅವರನ್ನೇ ಬೈದ. ಮಧ್ಯಾಹ್ನ ಯಾವುದಾದರೂ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಮಾತಾಡುತ್ತ ಟೀಚರು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದರು, ಮೊದಲಿನ ಹಾಗೆಯೇ. ನಾನು ನೋಡುತ್ತ ಕೂತಿರುತ್ತಿದ್ದೆ.

ಲೇಖನ ಅಚ್ಚಾಯಿತು. ಬಡ್ತಿಯೂ ಬಂತು, ಅದರ ಜೊತೆ ದೂರದ ಊರಿಗೆ ವರ್ಗವೂ ಆಯಿತು. ಅದು ಅಚ್ಚಾದ ಪುಸ್ತಕದ ಒಂದು ಪ್ರತಿ ನನಗೆ ಕಳಿಸಿದ್ದಾರೆ. ಓದಿದೆ. ಅರ್ಧ ಅರ್ಥವಾಗಲಿಲ್ಲ. ಗೋಡು ಎಂಬ ಮಾತು ಹನ್ನೊಂದು ಕಡೆ ಇದೆ, ಎಣಿಸಿದ್ದೇನೆ.

ಈಗಲೂ ಆ ಹಾಲಿನಲ್ಲಿ ಕಾರ್ಯಾಗಾರ ಇದ್ದರೆ ಮೈಕ್ ಕಟ್ಟುವವನು ನಾನೇ. ಅರ್ಥ ಆಯ್ತಾ ಎಂದು ಯಾರಾದರೂ ಕೇಳಿದರೆ ಇಡೀ ಹಾಲು ಹ್ಞೂಂ ಎನ್ನುತ್ತದೆ. ನನ್ನನ್ನು ಯಾರೂ ಕೇಳುವುದಿಲ್ಲ.

ಇಷ್ಟೇ.