ನಮ್ಮ ಜೀಪಿನ ಕರಿ ಹೊಗೆ

ನಮ್ಮ ಹಳೆಯ ಡೀಸೆಲ್ ಜೀಪು ಕರಿ ಹೊಗೆ ಉಗುಳತೊಡಗಿದ ಮೇಲೆಯೇ ಬೀದರದಲ್ಲಿ ಎಷ್ಟು ಜನ ತಜ್ಞರಿದ್ದಾರೆಂದು ನನಗೆ ಗೊತ್ತಾದದ್ದು. ಹಾಲಿನವನಿಂದ ಹಿಡಿದು ಎದುರುಮನೆಯ ನಿವೃತ್ತ ಮಾಸ್ತರರವರೆಗೆ ಎಲ್ಲರೂ ಬಾನೆಟ್‌ನೊಳಗೆ ತಲೆ ಹಾಕಿ, "ಹ್ಞೂಂ" ಎಂದು ಚಹಾ ಕುಡಿದು ಹೋದರು. ಎಳ್ಳಮಾವಾಸ್ಯೆಯೊಳಗೆ ಸರಿಯಾಗದಿದ್ದರೆ ಜೀಪು ಗುಜರಿಗೆ ಎಂದು ನಾನು ಸಾರಿಬಿಟ್ಟೆ. ಪ್ರತಿವರ್ಷ ಆ ಹಬ್ಬಕ್ಕೆ ಪೈರಿಗೆ ನೈವೇದ್ಯ ಎರಚಿ ಚರಗ ಚೆಲ್ಲಲು ನಮ್ಮನ್ನೆಲ್ಲ ಠಾಣಾ ಕುಶನೂರಿನ ಹೊಲಕ್ಕೆ ಒಯ್ಯುತ್ತಿದ್ದ ಜೀಪದು. ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಬೀದರದ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ ನೋಡಿದ. "ಇಜಿಆರ್ ವಾಲ್ವ್ ಹೋಗ್ಯಾದ್ರಿ ಸರ್. ಸ್ವಲ್ಪ ಹೊಗಿ ವಾಪಸ್ ಇಂಜಿನ್‌ಗೆ ಕಳಸ್ತದಲ್ರಿ, ಅದಾ. ಈಗ ಬಾಯಿ ತಕ್ಕೊಂಡೇ ಕುಂತದ." ಹೊಸದು ಹಾಕಿಸಿದೆ. ಅಮಾವಾಸ್ಯೆಯವರೆಗೆ ಜೀಪು ಸಭ್ಯವಾಗಿತ್ತು, ಆಮೇಲೆ ಮತ್ತೆ ಹೊಗೆ. ಭಾಲ್ಕಿಯವನು ಬಿಚ್ಚಿ ಮಸಿ ತೊಳೆದುಕೊಟ್ಟ. ಮುಂದಿನ ಅಮಾವಾಸ್ಯೆ ಕಳೆಯಿತು, ಹೊಗೆ ಹಾಜರು. ಔರಾದಿನವನದು ಉದಾರ ಮನಸ್ಸು. "ವಾಲ್ವಿನ ಬಾಯಿಗಿ ತಗಡು ಬಡೀತೇನ್ರಿ. ಹೊಗಿ ಊರ ಮಂದಿ ಕುಡೀತಾರ, ನಿಮಗೇನ್ರಿ?" ನಾನು ಕೈಮುಗಿದು ವಾಪಸ್ಸು ಬಂದೆ.

ಇತ್ತ ಅವ್ವ ತನ್ನ ಚಿಕಿತ್ಸೆ ನಡೆಸಿಯೇ ಇದ್ದಳು. ಪ್ರತಿ ಅಮಾವಾಸ್ಯೆಗೆ ಜೀಪಿಗೆ ವಿಭೂತಿ, ಕುಂಕುಮ, ಲಿಂಬೆಹಣ್ಣು; ಬಾನೆಟ್ ಎತ್ತಿ ಇಂಜಿನ್ ಮೇಲೆ ಕಾಯಿಯ ನೀರಿನ ಅಭಿಷೇಕ. ಹೊಗೆ ಶುರುವಾದಂದಿನಿಂದ ಇನ್ನೊಂದು ಕಾಯಿ ಹೆಚ್ಚು. ಕಾಯಿ ಕರ್ಪೂರ ಯಾಕೆ ಬೇಡವೆಂದು ಓಣಿಗೆಲ್ಲ ತಿಳಿಹೇಳುವ ಬಸವಭಕ್ತರಾದ ಅಪ್ಪ, ಈ ಪೂಜೆಯ ಹೊತ್ತಿಗೆ ಮಾತ್ರ ಪೇಪರ್ ಹಿಡಿದು ಕಿವುಡರಾಗುತ್ತಿದ್ದರು.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ರೋಸಿಹೋಗಿ ನಾನೇ ಬಾನೆಟ್ ಎತ್ತಿದೆ. ವಾಲ್ವಿನ ವೈರಿನ ಪ್ಲಗ್ ಕಿತ್ತು ನೋಡಿದರೆ ಒಳಗೆಲ್ಲ ಹಸಿರು ಕಿಲುಬು, ಅಂಟು, ಕುಂಕುಮ, ಜೊತೆಗೆ ಇರುವೆಗಳ ಸಾಲು. ಕಾಯಿಯ ನೀರೆಂದು ಪತ್ತೆ ಹಚ್ಚಲು ಅವಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ.

"ಅವ್ವಾ!" ಎಂದು ಕೂಗಿದೆ.

"ಒದರಬ್ಯಾಡೋ," ಎನ್ನುತ್ತ ಅಪ್ಪ ಕುಂಟಿಕೊಂಡು ಬಂದರು. ಪ್ಲಗ್ ನೋಡಿದರು, ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇಷ್ಟು ವರ್ಷ ಆಕಿ ಒಳಗ ಹೋದ ಮ್ಯಾಲ ನಾನೇ ಒರಸ್ತಿದ್ದೆ. ಈಗ ಮೊಣಕಾಲು ನಿಂದರಗೊಡವಲ್ಲವು."

"ನನಗ ಹೇಳಬಾರದಾ?"

"ನಿನಗ ಹೇಳಿದ್ರ ನೀ ಆಕಿಗಿ ಹೇಳ್ತಿದ್ದಿ."

ಭಾಲ್ಕಿ, ಔರಾದ ಅಲೆದದ್ದು ನೆನೆದು ಸಿಟ್ಟು ಬಂತು. ಆದರೆ ಇಷ್ಟು ಪ್ರೀತಿಯ ಜೀಪು ಗುಜರಿಗೆ ಹೋದರೂ ಸರಿ, ಅವಳ ಪೂಜೆಯಿಂದಲೇ ಕೆಟ್ಟಿತೆಂದು ಅವಳಿಗೆ ತಿಳಿಯಬಾರದೆಂದು ಈ ಮನುಷ್ಯ ಬಾಯಿ ಮುಚ್ಚಿ ಕುಳಿತಿದ್ದರು. ಪ್ಲಗ್ ತಿಕ್ಕಿ ಹಾಕಿದೆ; ಕರೆಂಟ್ ಹರಿದು ವಾಲ್ವ್ ಬಾಯಿ ಮುಚ್ಚಿತು, ಹೊಗೆ ನಿಂತಿತು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಅವ್ವ ಮತ್ತೆ ಇಂಜಿನ್ ಮೇಲೆ ಕಾಯಿಯ ನೀರು ಸುರಿದು, ಕಾಳು-ಸೊಪ್ಪು ಬೇಯಿಸಿದ ಹಬ್ಬದ ಭಜ್ಜಿಯ ಗಡಿಗೆ ತರಲು ಒಳಗೆ ಹೋದಳು. ಅಪ್ಪ ಹೆಗಲ ಮೇಲಿನ ಟವೆಲ್ ನನ್ನ ಕೈಗಿತ್ತರು. ನಾನು ಗಡಿಬಿಡಿಯಲ್ಲಿ ಒರೆಸಿ ಬಾನೆಟ್ ಮುಚ್ಚಿದೆ.

"ನೋಡಪಾ, ಹೊಗಿ ನಿಂತದ," ಅವ್ವ ಗಡಿಗೆ ಹೊತ್ತು ಬಂದಳು. "ಮೂರೂ ಊರಾಗ ಆಗಲಾರದ್ದು ನನ್ನ ಕಾಯಿಂದ ಆಯ್ತು."

"ಹೌದವ್ವಾ," ಎಂದೆ. ಅಪ್ಪ ಮುಂದಿನ ಸೀಟಿನಲ್ಲಿ ಕುಳಿತು, ಅಂಟಂಟಾದ ಟವೆಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡರು.